ಮಾಳಿಗೆಯ ಬದನೆ, ಅತ್ತೆಯ ಎಡಗೈ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಎರಡು ವರ್ಷ ಆ ಸಿಟ್ಟನ್ನೆಲ್ಲ ನಾನು ಮಣ್ಣಿನ ಮೇಲೆ ತೀರಿಸಿಕೊಂಡೆ ಎಂಬುದು ಅವರಿಗೆ ಗೊತ್ತಿಲ್ಲ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಮನೆ. ಅದರ ಮಾಳಿಗೆಯ ಮೇಲೆ ಪೇಂಟಿನ ಡಬ್ಬಿ, ಒಡೆದ ಟಬ್ಬು, ಸಿಮೆಂಟಿನ ತೊಟ್ಟಿ ಎಲ್ಲ ಸೇರಿ ಇಪ್ಪತ್ತಾರು ಇವೆ. ಬದನೆ, ಹೀರೆ, ಚವಳಿ, ಮೆಂತ್ಯ, ಪುಂಡಿ, ಉಳ್ಳಾಗಡ್ಡಿ, ಏನುಂಟು ಏನಿಲ್ಲ. ಬಂದವರೆಲ್ಲ "ಏನ್ ಕೈಗುಣರೀ ನಿಮ್ಮದು!" ಅನ್ನುತ್ತಾರೆ. ಕೈಗುಣವಂತೆ, ಮಣ್ಣಂಗಟ್ಟಿ. ಹೋಗಲು ಬೇರೆ ಜಾಗವಿಲ್ಲದ ಹೆಂಗಸು ದಿನಕ್ಕೆ ನಾಲ್ಕು ಸಲ ಮಾಳಿಗೆ ಹತ್ತಿದರೆ ಅಲ್ಲಿ ಏನಾದರೂ ಬೆಳೆಯಲೇಬೇಕಲ್ಲ!

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಸಾಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ. ಮದುವೆಯಾಗಿ ಬಂದ ಮೇಲೂ ಬಿಡದೆ ಹದಿನಾಲ್ಕು ವರ್ಷ ಕಲಿಸಿದೆ. ಆಮೇಲೆ ಒಂದು ಮುಂಜಾನೆ ಅತ್ತೆಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಎರಡೂ ಹೋದವು. ಮಾತು ಉಳಿಯಿತು, ಆದರೆ ತೊದಲು. ಒಂದು ಮಾತು ಹೊರಡಿಸಲು ನಾಲ್ಕು ಮಾತಿನ ದಣಿವು.

ಎಡಗೈ ಹೋದದ್ದೇ ದೊಡ್ಡ ಪೇಚಾಯಿತು. ಅತ್ತೆ ಎಂಟನೆಯ ವಯಸ್ಸಿನಿಂದ ಒಂದು ದಿನವೂ ಲಿಂಗಪೂಜೆ ತಪ್ಪಿಸಿದವರಲ್ಲ. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸಬೇಕು. ಪೂಜೆಯಾಗದೆ ಹನಿ ನೀರೂ ಬಾಯಿಗೆ ಹಾಕುವುದಿಲ್ಲ. ಆ ಎಡಗೈಯೋ, ನೆನೆದ ಅರಿವೆಯ ಹಾಗೆ ಜೋತುಬೀಳುತ್ತಿತ್ತು. ಮುಂಜಾನೆಯ ಥಂಡಿಗೆ ಅವರ ಮೈ ಸೆಟೆಯುತ್ತಿತ್ತು. ಹಾಗಾಗಿ ಬಿಸಿಲು ಏರಿದ ಮೇಲೆ ಮೈ ತೊಳೆಸಿ, ಹನ್ನೊಂದರ ಸುಮಾರಿಗೆ ನಾನು ಮಂಚದ ಪಕ್ಕ ನೆಲದ ಮೇಲೆ ಕೂತು, ಅವರ ಎಡಗೈಯನ್ನು ನನ್ನ ಎರಡೂ ಕೈಯಲ್ಲಿ ಅಂಗಾತ ಹಿಡಿದಿರುತ್ತಿದ್ದೆ. ಪೂಜೆ ಮುಗಿಯುವವರೆಗೆ ಅಲ್ಲಾಡುವ ಹಾಗಿಲ್ಲ. ಸಾಲಿಯಲ್ಲಿ ಅದು ಎರಡನೆಯ ಪಿರಿಯಡ್ಡಿನ ಹೊತ್ತು.

ಬೇರೆಯವರು ಹಿಡಿಯಲಿ ಎನ್ನೋಣವೆಂದರೆ, ದವಾಖಾನೆಯಲ್ಲಿ ನಡೆದದ್ದು ನನ್ನ ಕಣ್ಣ ಮುಂದಿತ್ತು. ಸ್ಕ್ಯಾನ್ ಮಾಡಬೇಕೆಂದು ನರ್ಸ್ ಒಬ್ಬಳು ಅವರ ಕೊರಳಿನ ಲಿಂಗ ತೆಗೆಯಲು ಕೈ ಹಾಕಿದ್ದಳು. "ಮುಟ್ಟಬ್ಯಾಡ! ಮುಟ್ಟಬ್ಯಾಡ!" ಎಂದು ಅತ್ತೆ ಚೀರಿದ ಚೀರಾಟಕ್ಕೆ ವಾರ್ಡೇ ಎದ್ದು ಕೂತಿತ್ತು. ಆವತ್ತೇ ನಾನು ನಿರ್ಧಾರ ಮಾಡಿಬಿಟ್ಟೆ: ಇವರಿಗೆ ಹೊರಗಿನವರ ಕೈ ಆಗದು. ನಮ್ಮವರು ಇಳಕಲ್ಲಿನಲ್ಲಿ ನೌಕರಿ. ಮುಂಜಾನೆ ಏಳರ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಉಳಿದವಳು ಯಾರು? ನಾನು.

ಸಾಲಿಯವರು ಒಳ್ಳೆಯವರು. ಸಂಬಳವಿಲ್ಲದ ರಜೆ ಎರಡು ವರ್ಷ ಕೊಟ್ಟರು. ಹೆಡ್ ಮಾಸ್ತರರು ಕೊನೆಯ ದಿನ ಸ್ಪಷ್ಟವಾಗಿಯೇ ಹೇಳಿದರು: "ಟೀಚರ್, ಎರಡನೇ ಬ್ಯಾಸಿಗಿ ಸೂಟಿ ಮುಗದು ಸಾಲಿ ತಗದ ದಿನ ನೀವು ಬಂದ್ರ ನಿಮ್ಮ ಜಾಗಾ ನಿಮಗ. ಬರಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ ನೋಡ್ರಿ." ನಾನು ಬಂದೇ ಬರುತ್ತೇನೆ ಎಂದೆ. ನನಗೆ ಹೋಗಬೇಕಿತ್ತು. ಮನೆಗೆಲಸದ ಬೇಸರಕ್ಕಲ್ಲ, ಪುಣ್ಯಕ್ಕಲ್ಲ, ಆ ಕರಿಹಲಗೆಯ ಮುಂದೆ ನಿಂತಾಗ ಮಾತ್ರ ನಾನು ನಾನಾಗಿರುತ್ತಿದ್ದೆ, ಅದಕ್ಕೆ.

ಮಾಳಿಗೆ ಹತ್ತಿದರೆ ಸಾಲಿಯ ಗಂಟೆ ಕೇಳಿಸುತ್ತದೆ. ಕೆಳಗಿನಿಂದ ಅತ್ತೆ ಚಮಚದಿಂದ ಸ್ಟೀಲಿನ ಲೋಟ ಬಡಿದರೆ ಅದೂ ಕೇಳಿಸುತ್ತದೆ. ಎರಡು ಸದ್ದಿನ ನಡುವೆ ನಾನು. ಮೊದಮೊದಲು ಸುಮ್ಮನೆ ನಿಂತು ಅತ್ತು ಬರುತ್ತಿದ್ದೆ. ರೋಗಿಯ ಮುಂದೆ ಅಳುಮುಖ ತೋರಿಸಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಮೆಟ್ಟಿಲಿನಲ್ಲೇ ಮುಖ ಒರೆಸಿಕೊಂಡು, ನಗು ಹಚ್ಚಿಕೊಂಡು ಇಳಿಯುತ್ತಿದ್ದೆ. ಬರೀ ಅಳಲು ಹತ್ತುವುದಕ್ಕಿಂತ ಏನಾದರೂ ಬೆಳೆಯೋಣ ಅನ್ನಿಸಿ ಶುರುವಾದದ್ದು ಈ ತೋಟ.

ಶುರುವೇ ಎಡವಟ್ಟು. ಹುನಗುಂದ ತಾಲೂಕಿನ ಮರೋಳ ನನ್ನ ತವರು. ಅಲ್ಲಿಯ ಎರೆಮಣ್ಣೆಂದರೆ ನಮಗೆ ಬಂಗಾರ. ಕರ್ರಗೆ, ಜಿಗುಟಾಗಿ, ಒಂದು ಮಳೆ ಕುಡಿದರೆ ಹಿಂಗಾರಿ ಜೋಳವನ್ನು ಇಬ್ಬನಿಯ ಮೇಲೆಯೇ ಬೆಳೆದುಕೊಡುತ್ತದೆ. ಫೋನು ಮಾಡಿದೆ. ತಮ್ಮ ಟೆಂಪೋದಲ್ಲಿ ಹತ್ತು ಚೀಲ ಹಾಕಿಸಿ ತಂದ. "ಅಕ್ಕಾ, ಈ ಮಣ್ಣಾಗ ಕಲ್ಲು ನೆಟ್ರೂ ಚಿಗೀತೈತಿ" ಎಂದು ಮೀಸೆ ತಿರುವಿದ. ಡಬ್ಬಿಗಳಿಗೆ ಕಂಠದವರೆಗೆ ತುಂಬಿ ಟೊಮ್ಯಾಟೊ ಸಸಿ ನೆಟ್ಟೆವು. ಬೇರೆ ಊರಿನವರಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಎರೆಮಣ್ಣಿನ ಸೊಕ್ಕು ಇದ್ದವರೇ ಮಾಡಬೇಕು!

ನೀರು ಹಾಕಿದರೆ ಮೇಲೆ ಕೆರೆ ನಿಂತಂತೆ ನಿಂತಿತು. ಇಳಿಯುವುದೇ ಇಲ್ಲ. ಎರಡು ದಿನ ಬಿಟ್ಟರೆ ಬಿರುಕು, ಬೆರಳು ಹೋಗುವಷ್ಟು. ಮಣ್ಣು ಡಬ್ಬಿಯ ಗೋಡೆ ಬಿಟ್ಟು ನಡುವಿಗೆ ಸರಿದು ಮುದ್ದೆಯಾಯಿತು. ಮತ್ತೆ ನೀರು ಹಾಕಿದರೆ ಆ ಸಂದಿನಲ್ಲಿ ಸರ್ರನೆ ಇಳಿದು ಹೊರಗೆ. ಬೇರು ಕೊಳೆತು ಟೊಮ್ಯಾಟೊ ಒಂದೊಂದಾಗಿ ಗೋಣು ಚೆಲ್ಲಿದವು. ಸಿಟ್ಟಿಗೆ ಒಂದು ಡಬ್ಬಿಯನ್ನು ಕಾಲಿನಿಂದ ಒದ್ದೆ. ಅದು ಅಲ್ಲಾಡಲಿಲ್ಲ, ನನ್ನ ಹೆಬ್ಬೆರಳು ಊದಿಕೊಂಡಿತು.

ಆ ಸಂಜೆ ಆ ಮಣ್ಣಿನ ಒಂದು ಹೆಂಟೆ ತಂದು ಅತ್ತೆಯ ಬಲಗೈಯಲ್ಲಿಟ್ಟೆ. ಮದುವೆಯಾದಾಗಿನಿಂದ ಹೊಲದಲ್ಲಿ ದುಡಿದವರು ಅವರು. ಹಿಚುಕಿ ನೋಡಿ, ಮೂಸಿ, "ಇದು… ಹೊಲದಾಗ ಹುಲಿ. ಡಬ್ಬ್ಯಾಗ… ಹೆಣ" ಎಂದರು. ನಾನು ಗಹಗಹಿಸಿ ನಕ್ಕೆ. ಲಕ್ವಾ ಹೊಡೆದ ಮೇಲೆ ಅವರು ಆಡಿದ ಮೊದಲ ಉದ್ದ ಮಾತು ಅದು.

ಅಲ್ಲಿಂದ ನನ್ನೊಳಗಿನ ಟೀಚರು ಎದ್ದಳು. ಹಳೆಯ ನೋಟ್‌ಬುಕ್ಕು ತೆಗೆದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಮೂರು ಡಬ್ಬಿ, ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಂಬಬೇಕು. ಹುಡುಗರಿಗೆ ಹದಿನಾಲ್ಕು ವರ್ಷ ಹೇಳಿದ್ದನ್ನು ಈಗ ನಾನು ಮಾಡತೊಡಗಿದೆ. ನಮ್ಮವರು ಬಾದಾಮಿ ಕಡೆಗೆ ಯಾವುದೋ ಮದುವೆಗೆ ಹೋದಾಗ ಅಲ್ಲಿಯ ಕೆಂಪು ಮಸಾರಿ ಮಣ್ಣು ನಾಲ್ಕು ಚೀಲ, ಬನಶಂಕರಿಯ ಹತ್ತಿರದ ತೋಟವೊಂದರಿಂದ ಬದನೆಯ ಸಸಿ ತಂದರು. ಎರೆ, ಮಸಾರಿ, ತಿಪ್ಪೆಗೊಬ್ಬರ ಮೂರೂ ಸಮ ಬೆರೆಸಿದೆ. ನೀರು ಇಳಿಯತೊಡಗಿತು. ಬದನೆ ಹೂ ಬಿಟ್ಟವು. ಆದರೆ ಡಬ್ಬಿಗಳ ಭಾರ ಕಂಡು ನಮ್ಮವರು, "ಮಾಳಗಿ ಕುಸದು ನಿಮ್ಮ ಅತ್ತಿ ಮ್ಯಾಲೆ ಬಿದ್ದೀತು, ಮೊದಲ ಆ ಭಾರಾ ಇಳಸು" ಎಂದು ತಲೆ ತಿಂದರು.

ಹಗುರಾಗಲು ಶೇಂಗಾ ಹೊಟ್ಟು ಬೆರೆಸಿದೆ. ನಮ್ಮ ಕಡೆ ಶೇಂಗಾ ಸಿಪ್ಪೆಗೇನು ಬರಗಾಲವೇ? ಹಗುರವೇನೋ ಆಯಿತು, ಗಿಡಗಳು ಮಾತ್ರ ಕಾಮಾಲೆ ಹಿಡಿದವರಂತೆ ಹಳದಿಯಾದವು. ಮೂರಕ್ಕೆ ಮೂರೂ. ಹಸಿ ಹೊಟ್ಟು ಕೊಳೆಯುವಾಗ ಮಣ್ಣಿನ ಸತ್ವವನ್ನು ತಾನೇ ತಿಂದುಬಿಡುತ್ತದೆ ಎಂದು ಓದಿದ್ದೆ, ಕಲಿಸಿಯೂ ಇದ್ದೆ, ಆದರೆ ಕೈ ಮರೆತಿತ್ತು. ಮುಂದಿನ ಸಲ ಹೊಟ್ಟನ್ನು ಸಗಣಿನೀರು, ಹುಳಿಮಜ್ಜಿಗೆ ಹಾಕಿ ಎರಡು ತಿಂಗಳು ಚೀಲದಲ್ಲಿ ಕಟ್ಟಿಟ್ಟೆ. ಕಪ್ಪಗೆ, ಹುಡಿಹುಡಿಯಾಗಿ, ಮಳೆ ಬಿದ್ದ ಹೊಲದ ವಾಸನೆಯಾಗಿ ಬಂತು. ಒಂದು ಹಿಡಿ ಒಯ್ದು ಅತ್ತೆಯ ಅಂಗೈಯಲ್ಲಿಟ್ಟೆ. ಬೆರಳಾಡಿಸಿದರು. "ಹ್ಞಾಂ. ಈಗ ಮಣ್ಣಾತು" ಎಂದರು. ಆ ದಿನ ನಿಜವಾಗಿಯೂ ನಗುತ್ತಲೇ ಮೆಟ್ಟಿಲು ಇಳಿದಿದ್ದೆ, ಹಚ್ಚಿಕೊಂಡ ನಗುವಲ್ಲ.

ಎಳ್ಳ ಅಮಾವಾಸ್ಯೆ ಬಂತು. ಪ್ರತಿ ವರ್ಷ ಮರೋಳದ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುವುದು ನಮ್ಮ ರೂಢಿ. ಭೂಮಿ ಬಸುರಿಯಾಗಿರುತ್ತಾಳೆಂದು ಕಡಬು, ಹೋಳಿಗೆ, ಪಲ್ಯ, ಬುತ್ತಿ ಎಲ್ಲ ಕಲಸಿ ಬೆಳೆಯ ನಡುವೆ ನಾಲ್ಕೂ ದಿಕ್ಕಿಗೆ ಎರಚುತ್ತಾರೆ. ಆ ವರ್ಷ ಹೋಗುವುದು ಹೇಗೆ? ತಮ್ಮನ ಮನೆಯವರೆಲ್ಲ ಹೊಲದಲ್ಲಿ ಕೂತು ಉಣ್ಣುವ ಫೋಟೊ ಕಳಿಸಿದರು. ಅದನ್ನು ನೋಡಿ ಹೊಟ್ಟೆ ಉರಿಯಿತು. ನನ್ನದೂ ಹೊಲವೇ, ಇವಳೂ ಬಸುರಿಯೇ ಎಂದು ಹಟಕ್ಕೆ ಬಿದ್ದು, ಮಾಡಿದ ಅಡಿಗೆಯೆಲ್ಲ ಕಲಸಿ ಮಾಳಿಗೆಯ ಡಬ್ಬಿಗಳ ಮೇಲೆ ಚರಗ ಚೆಲ್ಲಿದೆ.

ಮರುದಿನ ಹೋಗಿ ನೋಡಿದರೆ, ಯವ್ವಾ! ಇರುವೆ ಸಾಲು ಗೋಡೆ ಹತ್ತಿವೆ. ಹೆಗ್ಗಣಗಳು ಬಂದು ಬೆಲ್ಲದ ವಾಸನೆಗೆ ಡಬ್ಬಿ ಡಬ್ಬಿಯನ್ನೂ ತೋಡಿ ಹಾಕಿವೆ. ಮೆಂತ್ಯದ ಮಡಿ ಇದ್ದಲ್ಲಿ ಗುಂಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಸುಮ್ಮನೆ ಹೇಳಿದ್ದಾರೆಯೇ! ಪಕ್ಕದ ಮನೆಯ ಅಕ್ಕ ಗೋಡೆಯಾಚೆಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲವಾ ಟೀಚರಮ್ಮಾ, ಹೊಲದಾಗ ಆದ್ರ ಹಕ್ಕಿ ತಿಂದು ಹೋಗ್ತಾವು. ಇಲ್ಲೆ ನೀ ಹೆಗ್ಗಣಕ್ಕ ಬೀಗರೂಟ ಇಟ್ಟಂಗಾತಲ್ಲ!"

ಉಳಿದ ಕೂಳನ್ನೆಲ್ಲ ಬಳಿದು, ಮುಸುರೆಯ ಜತೆ ಖಾಲಿ ತೊಟ್ಟಿಯೊಂದರ ತಳಕ್ಕೆ ಹೂತು, ಮೇಲೆ ಮಣ್ಣು ಮುಚ್ಚಿ, ಹಂಚು ಹೇರಿ ಮರೆತುಬಿಟ್ಟೆ. ಎರಡು ತಿಂಗಳ ಮೇಲೆ ಜಾಗ ಸಾಲದೆ ಅಲ್ಲಿ ಒಂದು ಬದನೆ ಊರಿದೆ. ಆ ಗಿಡ ಉಳಿದವುಗಳ ಎರಡರಷ್ಟು ಬೆಳೆದು ಬುಟ್ಟಿಗಟ್ಟಲೆ ಕಾಯಿ ಕೊಟ್ಟಿತು. ಮೂರು ತೊಟ್ಟಿಯಲ್ಲಿ ಮಾಡಿ ನೋಡಿದೆ. ಮೂರೂ ಅದನ್ನೇ ಹೇಳಿದವು. ನನ್ನ ಪದ್ಧತಿ ಅಂತ ಏನಾದರೂ ಇದ್ದರೆ ಅದು ಹುಟ್ಟಿದ್ದು ಆ ಹೆಗ್ಗಣಗಳ ಬೀಗರೂಟದಿಂದ: ಪ್ರತಿ ತೊಟ್ಟಿಯಲ್ಲಿ ಒಂದು ಮೂಲೆ ಖಾಲಿ, ಅಲ್ಲಿ ಅಡಿಗೆಮನೆಯ ಸಿಪ್ಪೆ ಹೂಳುವುದು, ತುಂಬಿದ ಮೇಲೆ ಮುಂದಿನ ಮೂಲೆ, ಹೂತ ಮೂಲೆಯಲ್ಲಿ ಹೊಸ ಗಿಡ.

ನಡುವೆ ಬದನೆ, ಸುತ್ತ ಮೆಂತ್ಯ, ಅಂಚಿಗೆ ಉಳ್ಳಾಗಡ್ಡಿ ಹಾಕಿದ್ದು ಅತ್ತೆಯ ಮಾತಿನ ಮೇಲೆ. ಹೊಲದಲ್ಲಿ ಒಂದು ಬೆಳೆಯ ನಡುವೆ ಇನ್ನೊಂದರ ಸಾಲು ಬಿಡುವುದಕ್ಕೆ ಅಕ್ಕಡಿ ಎನ್ನುತ್ತಾರೆ. "ಅಕ್ಕಡಿ ಹಾಕು. ಒಂದು ಹೋದ್ರ… ಇನ್ನೊಂದು ಕೈ ಹಿಡಿತೈತಿ" ಎಂದರು. ಬಿಸಿಲಿಗೆ ಜೋಳದ ರವದಿಯ, ಅಂದರೆ ಒಣಗಿದ ಗರಿಯ, ಹೊದಿಕೆ ಹಾಕಿದೆ. ಹಳೆಯ ನೂಲಿನ ಸೀರೆ ಹರಿದು ಬತ್ತಿ ಹೊಸೆದು, ಒಂದು ತುದಿ ನೀರಿನ ಬಕೆಟ್ಟಿಗೆ, ಇನ್ನೊಂದು ತುದಿ ಬೇರಿಗೆ ಇಟ್ಟೆ. ದಿನಕ್ಕೆರಡು ಸಲ ನೀರು ಬೇಡುತ್ತಿದ್ದ ಗಿಡಗಳು ಎರಡು ದಿನಕ್ಕೊಮ್ಮೆಗೆ ಬಂದವು, ಆಮೇಲೆ ಮೂರು ದಿನಕ್ಕೊಮ್ಮೆಗೆ. ಯಾಕೆ ಇಷ್ಟೆಲ್ಲ? ಸಾಲಿ ತೆರೆದ ಮೇಲೆ ನಾನಿಲ್ಲದಿದ್ದರೂ ಅವು ಬದುಕಬೇಕಲ್ಲ, ಅದಕ್ಕೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹಾಗೆಯೇ ಬರೆದಿದ್ದೆ: ಮುಂಜಾನೆ ಒಂಬತ್ತರಿಂದ ಸಂಜೆ ಐದರವರೆಗೆ ಯಾರೂ ಮುಟ್ಟದೆ ನಿಲ್ಲಬೇಕು.

ಎರಡನೆಯ ಬೇಸಿಗೆಯಲ್ಲಿ ಬದನೆ, ಚವಳಿ, ಹೀರೆ ಓಣಿಗೆಲ್ಲ ಹಂಚುವಷ್ಟು ಬಂದವು. ರೊಟ್ಟಿಯ ಜತೆ ಹಸಿ ಮೆಂತ್ಯ, ಹಸಿ ಉಳ್ಳಾಗಡ್ಡಿ ದಿನವೂ ತಟ್ಟೆಗೆ. ಒಯ್ಯಲು ಬಂದವರದು ಒಂದೇ ರಾಗ: "ಸಾಲಿಗಿಂತ ಇದು ಚಲೋ ಆತು ಬಿಡ್ರಿ. ಮನಿ ಮನಿಯಾಗೇ ಆರಾಮ." ಚವಳಿಕಾಯಿಯನ್ನು ಅವರ ಚೀಲಕ್ಕೆ ಹಾಕುವ ಬದಲು ಮುಖಕ್ಕೆ ಎಸೆಯುವಷ್ಟು ಕೋಪ ಬರುತ್ತಿತ್ತು. ಹಲ್ಲು ಕಚ್ಚಿ ನಗುತ್ತಿದ್ದೆ. ಅತ್ತೆ ಮಂಚದಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಪಕ್ಕದ ಮನೆಯ ಅಕ್ಕ ಮಾತ್ರ ಬೇರೆ. ನನಗಿಂತ ಹತ್ತು ವರ್ಷ ದೊಡ್ಡವರು, ಅವರೂ ಲಿಂಗ ಕಟ್ಟಿಕೊಂಡವರೇ, ಮಕ್ಕಳೆಲ್ಲ ಕಾಲೇಜಿಗೆ ಹೋದ ಮೇಲೆ ಹಗಲೆಲ್ಲ ಖಾಲಿ. "ನಾ ಬಂದು ಕೂಡ್ತೇನಿ. ನೀ ಸಾಲಿಗೆ ಹೋಗಿ ಬಾರವಾ" ಎಂದು ಮಾಳಿಗೆಯ ಗೋಡೆಯಾಚೆಯಿಂದ ಒಮ್ಮೆಯಲ್ಲ, ನಾಲ್ಕು ಸಲ ಹೇಳಿದರು. ನಾಲ್ಕೂ ಸಲ ನಾನು, "ಇಲ್ರಿ ಅಕ್ಕಾರ, ನಮ್ಮ ಅತ್ತಿ ಒಪ್ಪೂದಿಲ್ಲ. ದವಾಖಾನ್ಯಾಗ ನೋಡೇನಲ್ಲ" ಎಂದೆ. ನಮ್ಮವರೂ ಅದನ್ನೇ ಹೇಳಿದರು: "ಅವ್ವ ಒಪ್ಪಂಗಿಲ್ಲ." ಇಬ್ಬರೂ ಅದನ್ನು ಎಷ್ಟು ಸಲ ಹೇಳಿದೆವೆಂದರೆ ಅದು ಗೋಡೆಯಷ್ಟು ಗಟ್ಟಿಯಾಯಿತು.

ಮೇ ತಿಂಗಳು ಮುಗಿಯುತ್ತ ಬಂದಾಗ ಹೆಡ್ ಮಾಸ್ತರರ ಫೋನು ಬಂತು. "ಬರ್ತೀರೋ ಇಲ್ಲೋ ಹೇಳಿಬಿಡ್ರಿ ಟೀಚರ್." ಒಂದು ವಾರ ಗುದ್ದಾಡಿದೆ. ಗಿಡಗಳು ಎಂಟು ತಾಸು ನಿಲ್ಲುವುದನ್ನು ಕಲಿತಿದ್ದವು. ಅತ್ತೆಯ ಎಡಗೈ ಮಾತ್ರ ನಾನು ಬಿಟ್ಟರೆ ಜೋತುಬೀಳುತ್ತಿತ್ತು. ಕೊನೆಗೆ ಬಾಗಿಲು ಹಾಕಿಕೊಂಡು ರಾಜೀನಾಮೆ ಬರೆದು ನಮ್ಮವರ ಕೈಯಲ್ಲಿ ಕಳಿಸಿದೆ. ಅತ್ತೆಗೆ ಹೇಳಲಿಲ್ಲ. ಅವರ ಸಲುವಾಗಿ ಬಿಟ್ಟೆ ಎಂದು ಹೇಳಿದರೆ ಅವರ ಎದೆಯ ಮೇಲೆ ಕಲ್ಲು ಹೇರಿದಂತೆ. ಸಾಲಿ ತೆರೆದ ದಿನ ಮಾಳಿಗೆಯ ಮೇಲೆ ಹೀರೆಬಳ್ಳಿ ಕಟ್ಟುತ್ತಿದ್ದೆ. ಗಂಟೆ ಹೊಡೆಯಿತು. ಬಳ್ಳಿಯ ದಾರ ಕೈಯಲ್ಲೇ ಹಿಡಿದು ಕೂತುಬಿಟ್ಟೆ. ಕೆಳಗೆ ಲೋಟ ಬಡಿದ ಸದ್ದಾದಾಗ ಎದ್ದು, ಮುಖ ಒರೆಸಿಕೊಂಡು ಇಳಿದೆ.

ಶ್ರಾವಣ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಮಣ್ಣಿನ ಬುಟ್ಟಿ ಹೊತ್ತು ಇಳಿಯುವಾಗ ಮೆಟ್ಟಿಲು ಜಾರಿದೆ. ಬಲಗಾಲಿನ ಹರಡಿನ ಎಲುಬು ಬಿರುಕುಬಿಟ್ಟು ಮೊಣಕಾಲಿನವರೆಗೆ ಪ್ಲಾಸ್ಟರು. ಅವತ್ತಿನ ಪೂಜೆಯೇನೋ ಆಗಿತ್ತು. ಮರುದಿನ ನಮ್ಮವರು ರಜೆ ಹಾಕಿದರು. ಅದರ ಮರುದಿನ ಹೋಗಲೇಬೇಕಾಯಿತು. ನೆಲದ ಮೇಲೆ ಕೂರಲು ನನಗಾಗದು. ಹನ್ನೊಂದಾಯಿತು. ಅತ್ತೆ ಹಸಿದು ಕೂತಿದ್ದಾರೆ. ಏನು ಮಾಡಲಿ ಶಿವನೇ ಎನ್ನುವಷ್ಟರಲ್ಲಿ ಪಕ್ಕದ ಅಕ್ಕ ತಾವಾಗಿಯೇ ಮೈ ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು ಬಂದರು. ನನ್ನನ್ನು ಒಂದು ಮಾತೂ ಕೇಳದೆ ಸೀದಾ ಒಳಗೆ ಹೋದರು.

ನಾನು ಹೊರಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕಾಲು ಚಾಚಿ ಕೂತು, ಚೀರಾಟಕ್ಕೆ ಕಿವಿ ಗಟ್ಟಿ ಮಾಡಿಕೊಂಡೆ. ಚೀರಾಟ ಬರಲಿಲ್ಲ. ತಂಬಿಗೆಯ ನೀರು ತಟ್ಟೆಗೆ ಬೀಳುವ ಸದ್ದು ಬಂತು. ಅತ್ತೆ ಮಂತ್ರ ಗುನುಗಿದರು. ಆಮೇಲೆ ಅಕ್ಕ ಏನೋ ಹೇಳಿದರು, ಅತ್ತೆ ನಕ್ಕರು. ಪೂಜೆ ಮುಗಿಸಿ, ಉಣಿಸಿ, ಕೈ ಒರೆಸಿ ಅಕ್ಕ ಹೊರಟುಹೋದರು. "ನಾಳೆ ಬರ್ತೇನಿ" ಎಂದು ಹೇಳಿದ್ದು ಅತ್ತೆಗೆ, ನನಗಲ್ಲ.

ಗೋಡೆ ಹಿಡಿದು ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಒಳಗೆ ಹೋದೆ. ಮಂಚದ ಅಂಚಿಗೆ ಕೂತು ಕೇಳಿದೆ.

"ಅತ್ತ್ಯಾರ, ಆಕಿ ಕೈ ಹಿಡದ್ರ ನಡೀತೈತೇನ್ರಿ ನಿಮಗ?"

"ಯಾಕ ನಡಿಯಂಗಿಲ್ಲ? ಆಕಿ ಹಿಡದದ್ದು… ಕೈ. ಲಿಂಗ ಅಲ್ಲಲ್ಲ."

"ದವಾಖಾನ್ಯಾಗ ಅಷ್ಟು ಚೀರಿದ್ರಲ್ರಿ ಮತ್ತ?"

"ಆ ನರ್ಸು ಲಿಂಗಾನ… ಹರಕೊಳ್ಳಾಕ ಬಂದಿದ್ಳು."

"ಹಂಗಾರ ಎರಡು ವರ್ಷ ನನಗ್ಯಾಕ ಒಂದ್ ಮಾತು ಹೇಳಲಿಲ್ರಿ?"

ಅತ್ತೆ ನನ್ನ ಕಡೆ ಹೊರಳಿದರು. ಮಾತು ಒಂದೊಂದಾಗಿ ಬಂತು. "ನೀ ಎಲ್ಲಿ… ಕೇಳಿದ್ದಿ? ನಿನಗ ಸಾಲಿ ಸಾಕಾಗೇತಿ ಅಂತ ತಿಳಕೊಂಡೆ. ತ್ವಾಟದಿಂದ ಇಳದು ಬರುವಾಗ… ದಿನಾ ನಕ್ಕೋತ ಬರ್ತಿದ್ದಿ. ಈ ಪರಿ ಬೆಳಿ ತಗದಿ. ಖುಷಿಲೇ ಅದಾಳ ನನ್ನ ಸೊಸಿ ಅಂತ… ನಾನೂ ಸುಮ್ಮನಿದ್ದೆ."

ಒಂದೇ ಒಂದು ಚೀರಾಟ, ಅದೂ ಒಂದೇ ಸಲ ಕೇಳಿದ್ದು. ಬದನೆಗೆ ಮೂರು ಡಬ್ಬಿ ಇಟ್ಟು ನೋಡಿದ ನಾನು ಈ ಮುದುಕಿಯನ್ನು ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟು ಯಾರ ಮೇಲೂ ಬಂದಿರಲಿಕ್ಕಿಲ್ಲ.

ಅತ್ತೆ ಬಲಗೈಯಿಂದ ನನ್ನ ಮೊಣಕೈ ಹಿಡಿದರು. ಕಣ್ಣಲ್ಲಿ ನೀರಿತ್ತು. "ಹೋಗವಾ. ಸಾಲಿಗೆ ಹೋಗು. ನಿನ್ನ ಜಾಗಾ… ಐತಲ್ಲ ಇನ್ನೂ?"

ನನ್ನ ಜಾಗದಲ್ಲಿ ಹೊಸ ಟೀಚರು ಬಂದು ಎರಡು ತಿಂಗಳಾಗುತ್ತ ಬಂದಿತ್ತು. "ಐತ್ರಿ ಅತ್ತ್ಯಾರ" ಎಂದೆ. "ಕಾಲು ನೆಟ್ಟಗಾಗಲಿ, ಹೋಗ್ತೇನಿ."

ಅಂದಿನಿಂದ ದಿನವೂ ಮುಂಜಾನೆ ಎದ್ದ ಕೂಡಲೇ ಅವರು ಮೊದಲು ನೋಡುವುದು ನನ್ನ ಕಾಲನ್ನು. "ಇವತ್ತ ಹೆಂಗೈತಿ?" ಎಂದು ಕೇಳುತ್ತಾರೆ. ಪ್ಲಾಸ್ಟರು ತೆಗೆದು ತಿಂಗಳು ಕಳೆಯಿತು. ನೋವಿಲ್ಲ, ಊತವಿಲ್ಲ, ಮಾಳಿಗೆಯನ್ನು ಸರಸರನೆ ಹತ್ತುತ್ತೇನೆ. ಅವರ ಕೋಣೆಯೊಳಗೆ ಮಾತ್ರ ಇನ್ನೂ ಕುಂಟುತ್ತೇನೆ.